ಜೇಬಿನಲ್ಲೊಂದು ಚಾಕು

ಕನ್ನಡದ ಪತ್ರಿಕೆಗಳಲ್ಲಿ ‘ಚೂರಿ’ ಎಂಬ ಪದ ಒಂಟಿಯಾಗಿ ಕಾಣಿಸಿಕೊಳ್ಳುವುದು ಬಹಳ ಅಪರೂಪ. ಅದರ ಬೆನ್ನಿಗೇ ‘ಇರಿತ’ ಬರುತ್ತದೆ. ‘ತಲವಾರು’ ಬಂದರೆ ‘ದಾಳಿ’ ಬರುತ್ತದೆ. ಕರಾವಳಿಯ ನಮಗಂತೂ ಈ ಜೋಡಿಪದಗಳು ಎಷ್ಟು ರೂಢಿಯಾಗಿವೆಯೆಂದರೆ, ಅಲಗಿರುವ ಯಾವುದೇ ವಸ್ತುವಿನ ಹೆಸರು ಕೇಳಿದರೂ ಮನಸ್ಸು ಮೊದಲು ಓಡುವುದು ರಕ್ತದ ಕಡೆಗೆ. ಆದರೆ ನಮ್ಮ ಬದುಕು ನಡೆಯುವುದೇ ಅಲಗಿನಿಂದ. ಅಡುಗೆಮನೆಯಲ್ಲಿ ಮೆಟ್ಟುಕತ್ತಿ ಇಲ್ಲದೆ ಮೀನು ಶುಚಿಯಾಗುವುದಿಲ್ಲ. ತೋಟದಲ್ಲಿ ಕತ್ತಿಯಿಲ್ಲದೆ ಒಂದು ಎಳನೀರು ಕೆತ್ತಲಾಗುವುದಿಲ್ಲ. ಅಡಕತ್ತರಿ ಇಲ್ಲದ ಅಜ್ಜಿಯ ಎಲೆ ತಟ್ಟೆಯನ್ನು ನಮ್ಮ ತಲೆಮಾರಿನವರು ನೋಡಿಯೇ ಇಲ್ಲ. ಇವುಗಳ ಬಗ್ಗೆ ಯಾರಿಗೂ ಭಯವಿಲ್ಲ. ಭಯವಿರುವುದು ಇವೆಲ್ಲಕ್ಕಿಂತ ಚಿಕ್ಕದಾದ, ಮಡಚಿದರೆ ಬೆರಳಿನಷ್ಟೇ ಉದ್ದ ಉಳಿಯುವ, ಜೇಬಿನೊಳಗೆ ಮಲಗಿರುವ ಒಂದು ವಸ್ತುವಿನ ಬಗ್ಗೆ. ಅದರ ಪರವಾಗಿ ನಾಲ್ಕು ಮಾತು ಹೇಳಬೇಕೆನಿಸಿದೆ.

ನಾನು ಅಡಿಕೆ ವ್ಯಾಪಾರಿ. ಪುತ್ತೂರು ತಾಲೂಕಿನ ಒಂದು ಸಣ್ಣ ಪೇಟೆಯಲ್ಲಿ ನನ್ನ ಅಂಗಡಿ. ಅಡಿಕೆ, ಕರಿಮೆಣಸು, ಮಳೆಗಾಲದಲ್ಲಿ ಸ್ವಲ್ಪ ಕೊಕ್ಕೋ. ಹೊಸ ಅಡಿಕೆ, ಸಿಂಗಲ್ ಚೋಲು, ಡಬಲ್ ಚೋಲು, ಪಟೋರ, ಕರಿಗೋಟು ಎಂದು ವಿಂಗಡಿಸಿ ದರ ಹೇಳುವುದು ನನ್ನ ಕಸುಬು. ಗೋಣಿಯ ಬಾಯಿ ಹೊಲಿದ ಸುತಳಿಯನ್ನು ಬಿಚ್ಚಬೇಕು, ಕೈ ತೂರಿಸಿ ತಳದಿಂದ ನಾಲ್ಕು ಅಡಿಕೆ ತೆಗೆಯಬೇಕು, ಒಂದನ್ನು ಹೋಳು ಮಾಡಿ ಒಳಗಿನ ಬಿಳಿ ಮತ್ತು ಕಂದು ಗೆರೆಗಳನ್ನು ನೋಡಬೇಕು. ಹೋಳು ಮಾಡಲು ಅಡಕತ್ತರಿ, ಹೊಲಿಯಲು ದಬ್ಬಣ, ಉಳಿದ ಎಲ್ಲದಕ್ಕೂ ಚಾಕು.

ಈ ‘ಉಳಿದ ಎಲ್ಲ’ ಎಂದರೆ ಎಷ್ಟು ಎಂದು ಒಂದು ದಿನ ಸುಮ್ಮನೆ ಲೆಕ್ಕ ಹಾಕಿದೆ. ಬೆಳಗ್ಗಿನಿಂದ ಸಂಜೆಯವರೆಗೆ ಹನ್ನೊಂದು ಗೋಣಿಗಳ ಸುತಳಿ ಕತ್ತರಿಸಿದ್ದೆ. ಲೆಕ್ಕ ಬರೆಯುವ ಪೆನ್ಸಿಲನ್ನು ಎರಡು ಸಲ ಕೆತ್ತಿದ್ದೆ. ಪಾರ್ಸೆಲಿನ ಟೇಪು ಬಿಡಿಸಿದ್ದೆ. ಅಂಗಿಯ ತೋಳಿನಲ್ಲಿ ನೇತಾಡುತ್ತಿದ್ದ ದಾರ ಕತ್ತರಿಸಿದ್ದೆ. ಅಂಗಡಿಗೆ ತಾಯಿಯೊಂದಿಗೆ ಬಂದ ಮಗುವಿಗೆ ಕಿತ್ತಳೆಯ ಸಿಪ್ಪೆ ಸೀಳಿ ಕೊಟ್ಟಿದ್ದೆ. ಕೆಲಸದ ಹುಡುಗನ ಅಂಗೈಗೆ ಹೊಕ್ಕ ಬಿದಿರಿನ ಸಿಬಿರನ್ನು ಮೊನೆಯಿಂದ ಎಬ್ಬಿಸಿ ತೆಗೆದಿದ್ದೆ. ಇಷ್ಟೂ ಕೆಲಸವನ್ನು ಮಾಡಿದ್ದು ಎರಡೂವರೆ ಇಂಚಿನ ಒಂದು ಅಲಗು. ಇದರಲ್ಲಿ ವೀರಾವೇಶದ್ದು ಒಂದೂ ಇಲ್ಲ. ಜೇಬಿನ ಚಾಕುವಿನ ದಿನಚರಿ ಎಂದರೆ ಇಷ್ಟೇ.

ನಮ್ಮ ಬಾಪನ ಕಾಲದಲ್ಲಿ ಅದರ ಜಾಗ ಜೇಬು ಆಗಿರಲಿಲ್ಲ. ಬ್ಯಾರಿ ವ್ಯಾಪಾರಿಗಳು ಲುಂಗಿಯ ಮೇಲೆ ಅಗಲವಾದ ಹಸಿರು ಬೆಲ್ಟು ಕಟ್ಟುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಬೆಲ್ಟಿನ ಗುಬ್ಬಿಯಿರುವ ಜೇಬುಗಳಲ್ಲಿ ನೋಟು, ಚಿಲ್ಲರೆ, ಬೀಡಿ, ಸುಣ್ಣದ ಡಬ್ಬಿ, ಅವುಗಳ ಜೊತೆಗೆ ಮಡಚುವ ಚಾಕು. ಊರಿನ ಭಟ್ಟರ ಸೊಂಟದಲ್ಲೂ ಅಂಥದ್ದೇ ಒಂದು ಇರುತ್ತಿತ್ತು. ಗೌಡರು, ಶೆಟ್ಟರು, ಕೊಂಕಣಿಯ ಅಂಗಡಿಯವರು, ಎಲ್ಲರ ಬಳಿಯೂ ಇರುತ್ತಿತ್ತು. ಎಲೆಯಡಿಕೆ ಹಾಕುವ ನಾಡಿನಲ್ಲಿ ಅದಿಲ್ಲದೆ ಆಗುತ್ತಲೂ ಇರಲಿಲ್ಲ.

‘ಚಾಕು’ ಎಂಬ ಮಾತಿನ ಬೇರನ್ನು ಹುಡುಕಿದರೆ ಒಂದು ಸ್ವಾರಸ್ಯ ಸಿಗುತ್ತದೆ. ‘ಚೂರಿ’ ನಮಗೆ ಸಂಸ್ಕೃತದ ಕಡೆಯಿಂದ ಬಂದದ್ದು. ಚಾಕು ಮಾತ್ರ ಪಾರ್ಸಿಯಿಂದ ಹಿಂದೂಸ್ತಾನಿಗೆ, ಅಲ್ಲಿಂದ ಕನ್ನಡಕ್ಕೆ ಬಂದಿದೆ. ಇಂದಿಗೂ ತುರ್ಕಿ ಭಾಷೆಯಲ್ಲಿ ‘ಚಾಕಿ’ ಎಂದರೆ ಜೇಬಿನಲ್ಲಿಡುವ ಮಡಚುವ ಚಾಕುವೇ. ಇನ್ನೊಂದು ಪದವಿದೆ, ‘ಕಲಮ್‌ತರಾಶ್’. ಲೇಖನಿ ಕೆತ್ತುವುದು ಎಂದು ಅರ್ಥ. ಅರಬ್ಬಿ, ಪಾರ್ಸಿ ಬರಹಗಾರರು ಜೊಂಡಿನ ಲೇಖನಿಯಿಂದ ಬರೆಯುತ್ತಿದ್ದರು. ಅದರ ತುದಿಯನ್ನು ಓರೆಯಾಗಿ, ಒಂದೇ ಒತ್ತಿಗೆ ಕತ್ತರಿಸಬೇಕು. ಆ ಓರೆಯ ಕೋನ ತಪ್ಪಿದರೆ ಅಕ್ಷರದ ಹೊಟ್ಟೆ, ಬಾಲ ಎಲ್ಲ ಕೆಡುತ್ತವೆ. ಹಾಗಾಗಿ ಲಿಪಿಕಾರನ ಪೆಟ್ಟಿಗೆಯಲ್ಲಿ ಮಸಿಕುಡಿಕೆಯ ಪಕ್ಕದಲ್ಲೇ ಒಂದು ಕಲಮ್‌ತರಾಶ್, ಲೇಖನಿಯನ್ನು ಇಟ್ಟು ಕತ್ತರಿಸಲು ದಂತದ ಅಥವಾ ಮೂಳೆಯ ಒಂದು ಪುಟ್ಟ ಹಲಗೆ ಇರುತ್ತಿತ್ತು. ಅತ್ತ ಯುರೋಪಿನಲ್ಲಿ ಹಕ್ಕಿಯ ಗರಿಯನ್ನು ಕೆತ್ತಿ ಬರೆಯುತ್ತಿದ್ದವರು ಇಟ್ಟುಕೊಂಡದ್ದೂ ಇಂಥದ್ದನ್ನೇ. ಇಂಗ್ಲಿಷಿನವರು ಜೇಬಿನ ಚಾಕುವಿಗೆ ಇನ್ನೂ ‘ಪೆನ್ ನೈಫ್’ ಎಂದು ಹೇಳುವುದು ಅದಕ್ಕೇ. ಗರಿಯ ಲೇಖನಿ ಹೋಯಿತು, ಹೆಸರು ಉಳಿಯಿತು. ಇಂದು ಠಾಣೆಯ ಮೇಜಿನ ಮೇಲೆ ‘ಆಯುಧ’ವೆಂದು ಬರೆಸಿಕೊಳ್ಳುವ ಈ ವಸ್ತುವಿಗೆ ಲೇಖನಿಯ ಜೊತೆ ಇಷ್ಟು ಹಳೆಯ ನಂಟಿದೆ ಎಂಬುದನ್ನು ನಾವು ಮರೆತಿದ್ದೇವೆ.

ಇನ್ನು ಆಯ್ಕೆಯ ವಿಚಾರ. ಅಂಗಡಿಗೆ ಬರುವ ಯುವಕರು ನನ್ನ ಚಾಕು ನೋಡಿ, “ಯಾವುದು ತಗೊಳ್ಳುವುದು ಕಾಕ?” ಎಂದು ಕೇಳುವುದುಂಟು. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಉದ್ದ. ದಿನನಿತ್ಯದ ಕೆಲಸಕ್ಕೆ ಮೂರು ಇಂಚಿಗಿಂತ ಹೆಚ್ಚಿನ ಅಲಗು ಬೇಕಾಗುವುದೇ ಇಲ್ಲ. ಎರಡೂವರೆ ಇಂಚು ಸಾಕು. ಸುತಳಿಗೆ, ಹಣ್ಣಿಗೆ, ಪೆನ್ಸಿಲಿಗೆ ಅದಕ್ಕಿಂತ ಉದ್ದವಿದ್ದರೆ ತೊಡಕೇ ಹೆಚ್ಚು. ಕಲ್ಲಂಗಡಿ ಕತ್ತರಿಸಬೇಕಾದವನು ಮನೆಯ ದೊಡ್ಡ ಚಾಕು ತರಲಿ.

ಎರಡನೆಯದು ಉಕ್ಕು. ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ನಮ್ಮ ಕರಾವಳಿಯ ಜೂನ್ ತಿಂಗಳಿನಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ಅಡಿಕೆ ಕೊಯ್ದರೆ ಕಪ್ಪಾಗುತ್ತದೆ. ಅದು ಕೊಳೆಯಲ್ಲ. ಅಡಿಕೆಯ ಚೊಗರು ಕಬ್ಬಿಣದೊಂದಿಗೆ ಸೇರಿ ಆಗುವ ಬಣ್ಣ. ಹಳೆಯ ಕಾಲದಲ್ಲಿ ಬರೆಯುವ ಮಸಿಯ ಒಂದು ಬಗೆಯನ್ನು ಮಾಡುತ್ತಿದ್ದುದೂ ಇದೇ ರಸಾಯನದಿಂದ, ಚೊಗರು ಮತ್ತು ಕಬ್ಬಿಣವನ್ನು ಬೆರೆಸಿ. ದಿನಾ ಒರೆಸಿ ಎಣ್ಣೆ ಹಚ್ಚುವ ತಾಳ್ಮೆ ಇದ್ದವರು ಕಾರ್ಬನ್ ಉಕ್ಕು ಇಟ್ಟುಕೊಳ್ಳಲಿ. ಉಳಿದವರಿಗೆ ಸ್ಟೇನ್‌ಲೆಸ್ಸೇ ಒಳ್ಳೆಯದು.

ಸ್ವಿಟ್ಜರ್ಲೆಂಡಿನ ಕೆಂಪು ಹಿಡಿಯ ಚಾಕುವನ್ನು ಕೊಲ್ಲಿಯಿಂದ ಬಂದ ನೆಂಟರು ತಂದುಕೊಟ್ಟದ್ದು ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ಕಾರ್ಲ್ ಎಲ್ಸೆನರ್ ಎಂಬವರು 1884ರಲ್ಲಿ ಇಬಾಕ್ ಎಂಬ ಊರಿನಲ್ಲಿ ಕಾರ್ಯಾಗಾರ ತೆರೆದು, 1891ರಲ್ಲಿ ಸೈನಿಕರಿಗೆ ಚಾಕು ಒದಗಿಸಿದರು. ಈಗ ನಾವು ನೋಡುವ ಬಗೆಗೆ ಮೂಲವಾದ ಅಧಿಕಾರಿಗಳ ಚಾಕು ಬಂದದ್ದು 1897ರಲ್ಲಿ. ತಾಯಿ ವಿಕ್ಟೋರಿಯಾ 1909ರಲ್ಲಿ ತೀರಿಕೊಂಡಾಗ ಮಗ ಆ ಹೆಸರನ್ನೇ ಸರಕಿಗೆ ಇಟ್ಟರು. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ ಅದಕ್ಕೆ ಫ್ರೆಂಚಿನ ‘ಇನಾಕ್ಸ್’ ಸೇರಿ 1921ರಲ್ಲಿ ‘ವಿಕ್ಟೋರಿನಾಕ್ಸ್’ ಆಯಿತು. ತಾಯಿಯ ಹೆಸರಿನ ಚಾಕು ಎಂದು ತಿಳಿದ ಮೇಲೆ ನನಗೆ ಅದರ ಮೇಲೆ ಗೌರವ ಹೆಚ್ಚಾಯಿತು. ಅದರ ಉಕ್ಕು ತೀರಾ ಗಟ್ಟಿಯಲ್ಲ. ಆದ್ದರಿಂದ ಬಾಯಿ ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ನಮ್ಮಂಥವರಿಗೆ ಅದು ಅನುಕೂಲವೇ.

ಫ್ರಾನ್ಸಿನ ಸವೋಯ್ ಸೀಮೆಯ ‘ಒಪಿನೆಲ್’ ಇನ್ನೊಂದು. ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ್ದು ಹಳ್ಳಿಯ ರೈತನ ಚಾಕು. ಮರದ ಹಿಡಿ, ಒಂದೇ ಅಲಗು, ಕುತ್ತಿಗೆಯಲ್ಲಿ ತಿರುಗಿಸಿ ಭದ್ರಪಡಿಸುವ ಒಂದು ಉಂಗುರ. ಆ ಉಂಗುರ ಸೇರಿದ್ದು 1955ರಲ್ಲಿ. ನೋಡಲು ಬಹಳ ಚೆಂದ. ಆದರೆ ನಮ್ಮ ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿ ಅಲಗು ತೆರೆಯುವುದೇ ಕಷ್ಟವಾಗುತ್ತದೆ. ಸವೋಯ್‌ನ ರೈತನಿಗೆ ಒಗ್ಗಿದ್ದು ಪುತ್ತೂರಿನ ವ್ಯಾಪಾರಿಗೆ ಜುಲೈಯಲ್ಲಿ ಒಗ್ಗುವುದಿಲ್ಲ.

ಇವು ಯಾವುವೂ ಇಲ್ಲದಿದ್ದರೆ ಬೇಸರ ಬೇಡ. ಸಂತೆಯಲ್ಲಿ ಸಿಗುವ ಚಾಕುವಿನ ರಿವಿಟ್ಟು ಅಲುಗಾಡುತ್ತದೆಯೇ, ಮಡಚಿದಾಗ ಮೊನೆ ಹಿಡಿಯೊಳಗೆ ಪೂರ್ತಿ ಅಡಗುತ್ತದೆಯೇ, ತೆರೆದಾಗ ಸ್ಪ್ರಿಂಗು ಬಿಗಿಯಾಗಿದೆಯೇ ಎಂದು ನೋಡಿ ತೆಗೆದುಕೊಳ್ಳಿ. ಉಗುರು ಕತ್ತರಿಸುವ ನೈಲ್ ಕಟ್ಟರಿನಲ್ಲಿ ಅಡಗಿರುವ ಪುಟ್ಟ ಅಲಗಿನಿಂದಲೇ ಜೀವನ ಸಾಗಿಸಿದವರನ್ನೂ ನಾನು ನೋಡಿದ್ದೇನೆ.

ಮೂರನೆಯದು, ಗುಂಡಿ ಒತ್ತಿದರೆ ‘ಟಪ್’ ಎಂದು ಹಾರಿ ತೆರೆದುಕೊಳ್ಳುವುದು ಬೇಡವೇ ಬೇಡ. ಯುವಕರ ಕಣ್ಣು ಮೊದಲು ಹೋಗುವುದೇ ಅದರ ಮೇಲೆ. ಉತ್ತರ ಪ್ರದೇಶದ ರಾಂಪುರದ ಕುಶಲಕರ್ಮಿಗಳ ಚಾಕು ಹಿಂದಿ ಸಿನಿಮಾದ ಖಳರ ಕೈ ಸೇರಿ ಒಂದು ಊರಿಗೇ ಕೆಟ್ಟ ಹೆಸರು ತಂದಿತು. ಆ ಊರಿನವರು 2023ರಲ್ಲಿ ಸುಮಾರು ಇಪ್ಪತ್ತು ಅಡಿಯ ಚಾಕುವಿನ ಪ್ರತಿಕೃತಿಯನ್ನು ಚೌಕದಲ್ಲಿ ನಿಲ್ಲಿಸಿ ತಮ್ಮ ಕಸುಬಿನ ಗೌರವ ಮರಳಿ ಪಡೆಯಲು ನೋಡಿದರು. ಕಸುಬಿನ ಬಗ್ಗೆ ನನಗೆ ಗೌರವವಿದೆ. ಆದರೆ ಸುತಳಿಗೆ ಅವಸರವಿಲ್ಲ. ಎರಡು ಕೈಗಳಿಂದ, ಉಗುರು ಸಿಕ್ಕಿಸಿ, ನಿಧಾನವಾಗಿ ತೆರೆಯುವ ಚಾಕುವೇ ದುಡಿಯುವವನ ಚಾಕು. ಅದನ್ನು ನೋಡಿದವರಿಗೆ ಭಯವಾಗುವುದಿಲ್ಲ. ಕೋಪ ಬಂದವನಿಗೂ ಅದನ್ನು ತೆರೆಯುವಷ್ಟರಲ್ಲಿ ಯೋಚಿಸಲು ಎರಡು ಕ್ಷಣ ಸಿಗುತ್ತದೆ.

ಕೊಂಡರೆ ಸಾಲದು, ಸಾಕಬೇಕು. ಮೊಂಡು ಚಾಕುವೇ ಕೈ ಕೊಯ್ಯುವುದು. ಅದಕ್ಕೆ ಒತ್ತಡ ಹಾಕಬೇಕಾಗುತ್ತದೆ, ಒತ್ತಿದಾಗ ಜಾರುತ್ತದೆ. ಸಾಣೆಕಲ್ಲಿಲ್ಲದಿದ್ದರೆ ಪಿಂಗಾಣಿ ಬಟ್ಟಲನ್ನು ಮಗುಚಿ, ತಳದಲ್ಲಿರುವ ಹೊಳಪಿಲ್ಲದ ಒರಟು ಬಳೆಯ ಮೇಲೆ ಅಲಗನ್ನು ಸ್ವಲ್ಪವೇ ಓರೆಯಾಗಿಟ್ಟು ಎರಡೂ ಬದಿ ಹತ್ತು ಸಲ ಎಳೆಯಿರಿ. ಹಳೆಯ ಪತ್ರಿಕೆಯ ಹಾಳೆಯನ್ನು ಸದ್ದಿಲ್ಲದೆ ಸೀಳಿದರೆ ಹರಿತವಾಯಿತೆಂದು ಲೆಕ್ಕ. ಹಲಸಿನ ಮೇಣ ಹಿಡಿದಿದ್ದರೆ ತೆಂಗಿನೆಣ್ಣೆ ಸವರಿ ಒರೆಸಿ. ಆದರೆ ಕೀಲಿಗೆ ತೆಂಗಿನೆಣ್ಣೆ ಬಿಡಬೇಡಿ, ಕೆಲವು ತಿಂಗಳಲ್ಲಿ ಅಂಟಾಗಿ ಹಿಡಿದುಕೊಳ್ಳುತ್ತದೆ. ಅದಕ್ಕೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸಾಕು.

ಇನ್ನು ಕೊಡುವ ರೀತಿ. ನಮ್ಮೂರಿನ ಹಿಂದೂ ಮನೆಗಳಲ್ಲಿ ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎನ್ನುತ್ತಾರೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ನಮ್ಮ ಮನೆಯಲ್ಲಿ ಬಾಪ ಇದನ್ನೇ ಬೇರೆ ಕಾರಣ ಕೊಟ್ಟು ಕಲಿಸಿದರು. ಒರೆಯಿಂದ ಹೊರಗೆಳೆದ ಖಡ್ಗವನ್ನು ಕೈಯಿಂದ ಕೈಗೆ ಕೊಡುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದರು. ಮಸೀದಿಯಲ್ಲಾಗಲಿ ಸಂತೆಯಲ್ಲಾಗಲಿ ಬಾಣ ಹಿಡಿದು ಹೋಗುವವನು ಯಾರಿಗೂ ತಾಗದಂತೆ ಅದರ ಮೊನೆಯನ್ನು ಹಿಡಿದುಕೊಳ್ಳಬೇಕೆಂದರು. ತಮಾಷೆಗೂ ಸಹೋದರನ ಕಡೆಗೆ ಆಯುಧ ತೋರಿಸಬಾರದೆಂದರು. ಹದೀಸ್ ಗ್ರಂಥಗಳಲ್ಲಿರುವ ಈ ಮಾತುಗಳನ್ನು ಬಾಪ ಒಂದು ಚಿಕ್ಕ ಚಾಕುವಿಗೆ ಇಳಿಸಿ ಹೇಳುತ್ತಿದ್ದರು: “ಮಡಚಿ ಕೊಡು, ಮಡಚಿ ತೆಗೆದುಕೋ, ಮಾತಾಡುವಾಗ ತೆರೆದಿಟ್ಟುಕೊಳ್ಳಬೇಡ.” ಬಾಣದ ಕಾಲ ಹೋಯಿತು. ನಮ್ಮ ವಸ್ತು ಇನ್ನೊಬ್ಬರಿಗೆ ತಾಗಬಾರದು ಎಂಬ ಎಚ್ಚರದ ಕಾಲ ಹೋಗಿಲ್ಲ. ಕಾರಣ ಬೇರೆಯಾದರೂ ಎರಡು ಮನೆಗಳ ರೂಢಿ ಒಂದೇ ಆಗಿರುವುದನ್ನು ನೋಡಿದಾಗ ನನಗೆ ಸಂತೋಷವಾಗುತ್ತದೆ.

ಇಷ್ಟೆಲ್ಲ ಎಚ್ಚರವಿದ್ದರೂ ನಮ್ಮ ಜೇಬಿನ ಚಾಕು ಎಲ್ಲರ ಜೇಬಿನ ಚಾಕುವಿನಂತೆ ಅಲ್ಲ. ಇದು ಇಂದು ನಿನ್ನೆಯ ಮಾತೂ ಅಲ್ಲ. ನಮ್ಮ ಪಕ್ಕದ ಮಲಬಾರಿನ ಮಾಪಿಳ್ಳೆಯರು ಸೊಂಟದ ಪಟ್ಟಿಯಲ್ಲಿ ಕತ್ತಿ ಇಟ್ಟುಕೊಳ್ಳುತ್ತಿದ್ದರು. ಜಮೀನು, ಗೇಣಿ, ಬಡತನಗಳಿಂದ ಹುಟ್ಟಿದ ದಂಗೆಗಳು ಸಾಲುಸಾಲಾಗಿ ನಡೆದಾಗ ಕಂಪೆನಿ ಸರಕಾರ 1854ರಲ್ಲಿ ‘ಮಾಪಿಳ್ಳೆ ಯುದ್ಧಕತ್ತಿ ಕಾಯ್ದೆ’ಯನ್ನೇ ತಂದಿತು. ಕೆಲವೇ ವಾರಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಕತ್ತಿಗಳನ್ನು ಜಮಾ ಮಾಡಿಸಿಕೊಂಡಿತು. ಅದನ್ನು ಮಾಡಿಸಿದ ಕಲೆಕ್ಟರ್ ಕೊನೊಲಿ 1855ರ ಸೆಪ್ಟೆಂಬರಿನಲ್ಲಿ ಕೊಲೆಯಾದರು. ಕತ್ತಿಗಳು ಹೋದವು, ದಂಗೆಯ ಕಾರಣಗಳು ಹಾಗೆಯೇ ಉಳಿದವು. ಆ ಕತ್ತಿಗಳು ದೊಡ್ಡವು, ಕೊಲ್ಲಲು ಬಳಕೆಯಾದವೂ ಇದ್ದವು, ಇದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಒಂದು ಸಮುದಾಯದ ಹೆಸರನ್ನು ಕತ್ತಿಯ ಹೆಸರಿನೊಂದಿಗೆ ಕಾನೂನಿನ ತಲೆಬರಹದಲ್ಲೇ ಹೊಲಿದುಬಿಟ್ಟ ಮೇಲೆ ಆ ಹೊಲಿಗೆ ಬಿಚ್ಚಲು ಎಷ್ಟು ತಲೆಮಾರು ಬೇಕು?

ಹಾಗೆಂದು ಅಲಗು ಗೌರವದ ಗುರುತಾಗಿಯೂ ಇದೆ. ಕೊಡವರ ಸೊಂಟದ ಪೀಚೆಕತ್ತಿ ಬೆಳ್ಳಿಯ ಸರಪಳಿಯಲ್ಲಿ ಹೊಳೆಯುತ್ತದೆ. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಜಾಗವಿದೆ. ಒಮಾನಿನಲ್ಲಿ ದುಡಿದು ಬಂದ ನಮ್ಮವರು ಅಲ್ಲಿಯ ಧ್ವಜದಲ್ಲೂ ಮದುವೆಗಳಲ್ಲೂ ಖಂಜರ್ ನೋಡಿದ್ದಾರೆ. ಈ ಅಲಗುಗಳನ್ನು ಜನ ಎದೆಯುಬ್ಬಿಸಿ ಹೊರಗೆ ತೋರಿಸುತ್ತಾರೆ. ಜೇಬಿನ ಚಾಕುವಿಗೆ ಆ ಭಾಗ್ಯವಿಲ್ಲ. ಅದು ಕೆಲಸದ್ದು, ಮರೆಯಲ್ಲಿರುವಂಥದ್ದು. ಮರೆಯಲ್ಲಿರುವುದೇ ಅದರ ಮೇಲಿನ ಸಂಶಯಕ್ಕೆ ಕಾರಣವೂ ಆಗುತ್ತದೆ.

ಕಾನೂನು ಏನು ಹೇಳುತ್ತದೆ? 1959ರ ಆಯುಧ ಕಾಯ್ದೆಯ ಕೆಳಗಿನ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆಗೆಲಸ, ಕೃಷಿ, ಕೈಗಾರಿಕೆಗಳಿಗಾಗಿ ಮಾಡಿದ್ದನ್ನು ಬಿಡುತ್ತವೆ. ದೆಹಲಿಯ ಆಡಳಿತ 1980ರಲ್ಲಿ ಹೊರಡಿಸಿದ ಅಧಿಸೂಚನೆಯೊಂದು ಗುಂಡಿ ಅಥವಾ ಸ್ಪ್ರಿಂಗಿನಿಂದ ತೆರೆಯುವ, 7.62 ಸೆಂ.ಮೀ. ಅಥವಾ ಅದಕ್ಕಿಂತ ಉದ್ದ, 1.72 ಸೆಂ.ಮೀ. ಅಥವಾ ಅದಕ್ಕಿಂತ ಅಗಲವಿರುವ ಚಾಕುಗಳನ್ನು ನಿಯಂತ್ರಿಸಿತು. 7.62 ಸೆಂ.ಮೀ. ಎಂದರೆ ಮೂರು ಇಂಚು. ಬ್ರಿಟನ್ನಿನಲ್ಲಿ 1988ರ ಕಾನೂನಿನಂತೆ ಮೂರು ಇಂಚಿಗಿಂತ ಹೆಚ್ಚಿಲ್ಲದ, ಲಾಕ್ ಇಲ್ಲದ ಮಡಚುವ ಚಾಕುವನ್ನು ಯಾರೂ ಜೇಬಿನಲ್ಲಿಡಬಹುದು. ಅದಕ್ಕಿಂತ ದೊಡ್ಡದಕ್ಕೆ ತಕ್ಕ ಕಾರಣ ಹೇಳಬೇಕು. ಬೇರೆ ಬೇರೆ ಕಾಲ, ಬೇರೆ ಬೇರೆ ದೇಶ, ಆದರೂ ಗೆರೆ ಮಾತ್ರ ಮೂರು ಇಂಚಿನ ಹತ್ತಿರವೇ ಬಂದು ನಿಂತಿದೆ. ನಮ್ಮಲ್ಲಿ ಊರು ಕದಡಿದಾಗ ನಿಷೇಧಾಜ್ಞೆ ಬರುತ್ತದೆ. ಹಿಂದೆ ಅದು 144ನೇ ಸೆಕ್ಷನ್ ಆಗಿತ್ತು, 2024ರ ಜುಲೈಯಿಂದ ಹೊಸ ಸಂಹಿತೆಯ 163 ಆಗಿದೆ. ಆಗ ಆಯುಧ ಒಯ್ಯುವುದನ್ನು ನಿಷೇಧಿಸುತ್ತಾರೆ. ಎರಡೂವರೆ ಇಂಚು ಆಯುಧವೋ ಅಲ್ಲವೋ ಎಂಬುದು ಆಗ ರಸ್ತೆಯಲ್ಲಿ ನಿಂತ ಪೇದೆಯ ಮನಸ್ಸಿಗೆ ಬಿಟ್ಟದ್ದು.

2022ರ ಜುಲೈಯಲ್ಲಿ ಹತ್ತು ದಿನಗಳ ಅಂತರದಲ್ಲಿ ನಮ್ಮ ಜಿಲ್ಲೆಯಲ್ಲಿ ಮೂವರು ಯುವಕರ ಮೇಲೆ ಹಲ್ಲೆ ನಡೆದು ಮೂವರೂ ಪ್ರಾಣ ಕಳೆದುಕೊಂಡರು. ಎರಡೂ ಕಡೆಯ ತಾಯಂದಿರು ಅತ್ತರು. ಆ ದಿನಗಳ ಒಂದು ಮಧ್ಯಾಹ್ನ ನಾನೂ ಅಡಿಕೆ ಬೆಳೆಗಾರರಾದ ಭಟ್ಟರೂ ಅವರ ಓಮ್ನಿಯಲ್ಲಿ ಅಡಿಕೆ ಹೇರಿಕೊಂಡು ಬರುತ್ತಿದ್ದೆವು. ತಪಾಸಣೆಗೆ ನಿಲ್ಲಿಸಿದರು. ಪೇದೆ ಬಯಲುಸೀಮೆಯ ಕಡೆಯ ಹುಡುಗ, ನಿದ್ದೆಗೆಟ್ಟ ಕಣ್ಣು. ಭಟ್ಟರ ಹೆಸರು ಕೇಳಿ ಮುಂದೆ ಬಂದ. ನನ್ನ ಹೆಸರು ಕೇಳಿ ಇಳಿಯಲು ಹೇಳಿದ. ಜೇಬಿನಿಂದ ಚಾಕು ಸಿಕ್ಕಿತು.

“ಏನ್ರೀ ಇದು?”

“ಚಾಕು. ಗೋಣಿಯ ಸುತಳಿ ಕತ್ತರಿಸಲಿಕ್ಕೆ.”

“ಈ ಟೈಮಿನಾಗ ಚಾಕು ಇಟ್ಕೊಂಡು ಅಡ್ಡಾಡ್ತೀರಾ?”

ಭಟ್ಟರು ಇಳಿದು ಬಂದರು. ಸೊಂಟದಿಂದ ತಮ್ಮದನ್ನೂ ತೆಗೆದು ತೋರಿಸಿದರು. “ನೋಡಿ, ನನ್ನಲ್ಲಿಯೂ ಉಂಟು. ಅವರದ್ದಕ್ಕಿಂತ ಅರ್ಧ ಇಂಚು ಉದ್ದವೇ ಉಂಟು. ಬರೆಯುವುದಾದರೆ ಎರಡನ್ನೂ ಬರೆಯಿರಿ.” ಪೇದೆ ಎರಡನ್ನೂ ನೋಡಿದ. ಆಮೇಲೆ ಭಟ್ಟರದ್ದನ್ನು ಅವರಿಗೇ ಹಿಂದಿರುಗಿಸಿ, ನನ್ನದನ್ನು ಮಾತ್ರ ಇಟ್ಟುಕೊಂಡು, ನಾಳೆ ಠಾಣೆಗೆ ಬಂದು ತಗೊಳ್ಳಿ ಎಂದ. ಕೆಟ್ಟ ಮಾತು ಒಂದೂ ಆಡಲಿಲ್ಲ. ಊರು ಉರಿಯುತ್ತಿರುವಾಗ ತಪಾಸಣೆ ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಎರಡು ಚಾಕುಗಳಲ್ಲಿ ಒಂದು ಹಿಂದಿರುಗಿದ್ದರ ಬಗ್ಗೆ.

ಮರುದಿನ ಭಟ್ಟರೂ ನನ್ನ ಜೊತೆ ಠಾಣೆಗೆ ಬಂದರು. ಅಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿದರು, ಡ್ರಾಯರು ಹುಡುಕಿದರು. ಚಾಕು ಸಿಗಲಿಲ್ಲ. ಅಂಗಡಿಗೆ ಮರಳಿದ ಮೇಲೆ ಭಟ್ಟರು ತಮ್ಮ ಚಾಕು ತೆಗೆದು ಮೇಜಿನ ಮೇಲಿಟ್ಟರು. ರೂಢಿಯಂತೆ ಕೈಗೆ ಕೊಡಲಿಲ್ಲ. “ಇದು ಇಟ್ಕೊಳ್ಳಿ ಬ್ಯಾರಿಗಳೇ, ನನಗೆ ಮನೆಯಲ್ಲಿ ಇನ್ನೊಂದು ಉಂಟು. ಕಳೆದದ್ದು ನಿಮ್ಮ ಚಾಕು ಅಲ್ಲ ಮಾರಾಯ್ರೆ, ನಮ್ಮ ಊರಿನ ಬುದ್ಧಿ” ಎಂದರು. ನಾನು ಎತ್ತಿಕೊಂಡೆ. ಈಗ ನನ್ನ ಜೇಬಿನಲ್ಲಿರುವುದು ಅದೇ.

ಈ ಪ್ರಸಂಗ ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಮುಗಿಯದಿರಲು ಕಾರಣ ನನ್ನ ಕಿರಿಯ ಮಗ. ಅವನು ವಿದ್ಯುತ್ ಕೆಲಸ ಕಲಿತು ಈಗ ಮನೆಮನೆಗೆ ಹೋಗಿ ವೈರಿಂಗ್ ಮಾಡುತ್ತಾನೆ. ತಂತಿಯ ಮೇಲಿನ ಹೊದಿಕೆ ಸುಲಿಯಲು, ಪೈಪಿನ ಅಂಚು ಕೆತ್ತಲು ಅವನಿಗೊಂದು ಚಾಕು ಬೇಕು. ಕೇಳಿದ. ನಾನು ಉತ್ತರ ಕೊಡುವ ಮೊದಲೇ ಅವನ ತಾಯಿ ಒಳಗಿನಿಂದ ಹೇಳಿದಳು: “ಬೇಡ. ಅವನ ಜೇಬಿನಲ್ಲಿ ಅದು ಬೇಡ. ನಿಮಗಾದರೆ ಗಡ್ಡ ಬೆಳ್ಳಗಾಗಿದೆ, ಬಿಟ್ಟು ಕಳಿಸಿದರು. ಅವನಿಗೆ ಇಪ್ಪತ್ತೆರಡು. ಕೆಲಸದ ಚಾಕು ಅಂತ ಅವನ ಮುಖದಲ್ಲಿ ಬರೆದಿದೆಯಾ?”

ಅವಳ ಮಾತಿಗೆ ಉತ್ತರವಿಲ್ಲ. ತಾಯಿಯ ಭಯವನ್ನು ಅಲಗಿನ ಉದ್ದ ಅಳೆದು ಹೋಗಲಾಡಿಸಲು ಬರುವುದಿಲ್ಲ. ಆದರೆ ಇನ್ನೊಂದು ಯೋಚನೆಯೂ ನನ್ನನ್ನು ಬಿಡಲಿಲ್ಲ. ಒಬ್ಬ ಬಡಗಿಯ ಮಗ ಉಳಿ ಹಿಡಿಯಬಹುದು, ರೈತನ ಮಗ ಕತ್ತಿ ಹಿಡಿಯಬಹುದು, ನನ್ನ ಮಗ ಮಾತ್ರ ತನ್ನ ಕಸುಬಿನ ಉಪಕರಣಕ್ಕೆ ಹೆದರಬೇಕೆಂದರೆ ಅವನು ಕಸುಬನ್ನು ಅರ್ಧವೇ ಕಲಿತಂತಾಗುತ್ತದೆ. ಹೆದರಿಕೆಯಿಂದ ಬಿಟ್ಟದ್ದು ಮುಂದೆ ತಾನಾಗಿ ಮರಳಿ ಬರುವುದಿಲ್ಲ.

ಜಪಾನಿನ ಕಥೆ ಇದಕ್ಕೆ ಹತ್ತಿರದ್ದು. ಮಿಕಿ ಪಟ್ಟಣದಲ್ಲಿ ತಯಾರಾಗುವ ‘ಹಿಗೊನೊಕಾಮಿ’ ಎಂಬ ಅಗ್ಗದ ಮಡಚುವ ಚಾಕು ಒಂದು ಕಾಲಕ್ಕೆ ಅಲ್ಲಿಯ ಶಾಲಾ ಮಕ್ಕಳ ಪೆನ್ಸಿಲ್ ಡಬ್ಬಿಯಲ್ಲಿರುತ್ತಿತ್ತು. 1960ರಲ್ಲಿ ಸಮಾಜವಾದಿ ನಾಯಕ ಅಸನುಮಾ ಇನೆಜಿರೊ ಅವರನ್ನು ವೇದಿಕೆಯ ಮೇಲೆಯೇ ಹದಿನೇಳರ ಹುಡುಗನೊಬ್ಬ ಗಿಡ್ಡ ಖಡ್ಗದಿಂದ ಇರಿದು ಕೊಂದ. ದೇಶ ನಡುಗಿತು. ಮಕ್ಕಳ ಕೈಗೆ ಅಲಗು ಕೊಡಬಾರದೆಂಬ ಚಳವಳಿ ಎದ್ದಿತು. ಕೊಂದದ್ದು ಖಡ್ಗ, ಶಿಕ್ಷೆ ಅನುಭವಿಸಿದ್ದು ಪೆನ್ಸಿಲ್ ಕೆತ್ತುವ ಚಾಕು. ಅದನ್ನು ಮಾಡುತ್ತಿದ್ದ ಕಮ್ಮಾರರು ಕ್ರಮೇಣ ಕೈಬೆರಳಲ್ಲಿ ಎಣಿಸುವಷ್ಟಾದರು. ಆದರೂ ಅಲ್ಲಿ ಒಂದು ಸಮಾಧಾನವಿದೆ. ಚಾಕುವನ್ನು ಎಲ್ಲ ಮಕ್ಕಳ ಕೈಯಿಂದಲೂ ತೆಗೆದರು, ಹೆಸರು ಕೇಳಿ ತೆಗೆಯಲಿಲ್ಲ.

ಕೊನೆಗೆ ಮನೆಯಲ್ಲಿ ಒಂದು ಒಪ್ಪಂದವಾಯಿತು. ಮಗನಿಗೆ ಚಾಕು ತೆಗೆಸಿಕೊಟ್ಟೆ. ಎರಡೂವರೆ ಇಂಚಿನದು, ಗುಂಡಿಯಿಲ್ಲದ್ದು, ಹಿಡಿ ಹಳದಿ ಬಣ್ಣದ್ದು. ಹಳದಿ ಏಕೆಂದರೆ, ಕದ್ದುಮುಚ್ಚಿ ಇಡುವವನು ಆ ಬಣ್ಣ ಆರಿಸುವುದಿಲ್ಲ. ಅದರ ಜಾಗ ಜೇಬಲ್ಲ, ಟೆಸ್ಟರು, ಕಟಿಂಗ್ ಪ್ಲೇಯರು, ಇನ್ಸುಲೇಶನ್ ಟೇಪುಗಳಿರುವ ಚೀಲ. ಆ ಚೀಲದಲ್ಲಿದ್ದರೆ ಅದು ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಕೆಲಸ ಮುಗಿದರೆ ಚೀಲದೊಂದಿಗೆ ಮನೆಗೆ. ಮದುವೆಗೆ, ಜಾತ್ರೆಗೆ, ಉರೂಸಿಗೆ, ಪಂದ್ಯಕ್ಕೆ, ಮೆರವಣಿಗೆಗೆ, ವಿಮಾನಕ್ಕೆ ಒಯ್ಯುವಂತಿಲ್ಲ. ನಿಷೇಧಾಜ್ಞೆ ಬಂದರೆ ಚೀಲದಿಂದಲೂ ಹೊರಗೆ. ಮಾತಿಗೆ ಮಾತು ಬೆಳೆದ ಜಾಗದಲ್ಲಿ ನಿಲ್ಲುವಂತಿಲ್ಲ. ‘ಆತ್ಮರಕ್ಷಣೆಗೆ ಇರಲಿ’ ಎಂದು ಯಾರಾದರೂ ಹೇಳಿದರೆ ಅವರ ಗೆಳೆತನವನ್ನೇ ಬಿಡಬೇಕು. ಎರಡೂವರೆ ಇಂಚಿನಿಂದ ಯಾರ ರಕ್ಷಣೆಯೂ ಆಗುವುದಿಲ್ಲ. ರಕ್ಷಣೆಗೆಂದು ಚಾಕು ಇಟ್ಟುಕೊಂಡವನು ಜಗಳದಿಂದ ಓಡುವ ಬುದ್ಧಿಯನ್ನು ಕಳೆದುಕೊಳ್ಳುತ್ತಾನೆ.

ಅವನ ತಾಯಿ ಇದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು: “ಈ ನಿಯಮ ಎಲ್ಲ ಮಕ್ಕಳಿಗೂ ಉಂಟಾ, ನಮ್ಮ ಮಗನಿಗೆ ಮಾತ್ರವಾ?”

ನಾನು ಯೋಚಿಸಿ ನೋಡಿದೆ. ಇವುಗಳಲ್ಲಿ ಹೆಚ್ಚಿನವು ಎಲ್ಲರ ಮಕ್ಕಳಿಗೂ ಬೇಕಾದವು. ಉದ್ದದ ಮಿತಿ, ಮಡಚಿ ಕೊಡುವ ರೀತಿ, ಜಗಳದಿಂದ ದೂರವಿರುವುದು, ಇವನ್ನು ಭಟ್ಟರೂ ತಮ್ಮ ಮೊಮ್ಮಗನಿಗೆ ಹೇಳಿಕೊಡುತ್ತಾರೆ. ಚೀಲದಿಂದ ಜೇಬಿಗೆ ಬರುವಂತಿಲ್ಲ ಎಂಬ ಒಂದು ನಿಯಮ ಮಾತ್ರ ನಮ್ಮ ಮಗನಿಗೇ ಇರುವಂಥದ್ದು. ಅದನ್ನು ಅವನ ಮೇಲೆ ಹೇರಿದ್ದು ಕಾನೂನಲ್ಲ, ಧರ್ಮವೂ ಅಲ್ಲ. ಊರಿನ ಕಣ್ಣು. ಆ ಕಣ್ಣನ್ನು ಸರಿಪಡಿಸುವುದು ನನ್ನೊಬ್ಬನ ಕೈಯಲ್ಲಿಲ್ಲ, ನಿಮ್ಮೆಲ್ಲರ ಕೈಯೂ ಬೇಕು. ಅಲ್ಲಿಯವರೆಗೆ ಅವನ ಚಾಕು ಚೀಲದಲ್ಲಿರಲಿ. ಹರಿತವಾಗಿರಲಿ, ಮಡಚಿರಲಿ, ಸಂಜೆಯೊಳಗೆ ನಾಲ್ಕು ಮನೆಗಳಲ್ಲಿ ದೀಪ ಉರಿಯುವಂತೆ ಮಾಡಿ ಬರಲಿ.